ಹೆಸರಿಗೆ ಮುಂಚಿನ ಸಾಲು

ಎಂಟನೇ ಕ್ಲಾಸಿನ ಇಂಗ್ಲಿಷ್ ಮೀಡಿಯಂ ಸೆಕ್ಷನ್ನಿಗೆ ನನ್ನನ್ನು ಸೇರಿಸಿಕೊಂಡಿದ್ದು ದಸರಾ ರಜೆಯವರೆಗೆ ಮಾತ್ರ. ಅಷ್ಟರೊಳಗೆ ಇಂಗ್ಲಿಷಿನಲ್ಲಿ ಸ್ವಂತವಾಗಿ ನಾಲ್ಕು ಸಾಲು ಬರೆಯಲು ಬಂದರೆ ಅಲ್ಲೇ ಉಳಿಯಬಹುದು, ಬಾರದಿದ್ದರೆ ಆಟದ ಬಯಲಿನ ಆಚೆಗಿನ ಕನ್ನಡ ಮೀಡಿಯಂ ಕೋಣೆಗೆ ಹೋಗಬೇಕು ಎಂದು ಇಂಗ್ಲಿಷ್ ಮೇಡಂ ಅಪ್ಪನ ಎದುರಿಗೇ ಹೇಳಿದ್ದರು. ಅಪ್ಪ ತಲೆಯಾಡಿಸಿ, ನನ್ನನ್ನು ಶಿಕಾರಿಪುರದ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು, ಮಧ್ಯಾಹ್ನದ ಬಸ್ಸಿಗೆ ಸೊರಬದ ಕಡೆ ಹೊರಟ. ಬಸ್ ಹತ್ತುವ ಮೊದಲು ಹೇಳಿದ್ದು ಇಷ್ಟೇ: ಕನ್ನಡ ಮೀಡಿಯಂ ಹೈಸ್ಕೂಲು ನಮ್ಮೂರ ಹತ್ತಿರವೇ ಇದೆ, ಅದನ್ನು ಓದುವುದಕ್ಕೆ ಇಷ್ಟು ದೂರ ಬರಬೇಕಾಗಿಲ್ಲ. ಅಂದರೆ ಬಯಲು ದಾಟಿದರೆ ನಾನು ಊರಿಗೆ ವಾಪಸ್.

ಈಗ ಕೇಳಿದರೆ ಅಪ್ಪ, ತಾನು ಹಾಗೆ ಹೇಳಲೇ ಇಲ್ಲ ಎನ್ನುತ್ತಾನೆ. ಬಸ್ಸಿನ ಬಾಗಿಲಲ್ಲಿ ನಿಂತು ಮರೆತ ಕೊಡೆಯನ್ನು ನೆನೆಸಿಕೊಳ್ಳುತ್ತಿದ್ದನಂತೆ, ಅವನ ಮುಖ ಗಂಭೀರವಾಗಿದ್ದುದು ಅದಕ್ಕಂತೆ. ಇರಬಹುದು. ದಿನಚರಿ ಬರೆಯುವ ಅಭ್ಯಾಸ ನನಗೆ ಆ ವರ್ಷವೇ ಶುರುವಾಗಿದ್ದರೂ ಅದರಲ್ಲಿ ಆ ದಿನದ ಬಗ್ಗೆ ಇರುವುದು ಚಿಕ್ಕಮ್ಮನ ಮನೆಯ ಊಟದ ವಿವರ ಮಾತ್ರ. ಯಾರು ಏನು ಹೇಳಿದರು ಎಂಬುದನ್ನು ನಾನು ನಂತರ ತುಂಬಿಕೊಂಡಿದ್ದೇನೆ. ಆದರೆ ಗಡುವು ನಿಜ. ಅದನ್ನು ಎಲ್ಲರೂ ಒಪ್ಪುತ್ತಾರೆ.

ಸ್ವಂತವಾಗಿ ಬರೆಯುವುದು ಎಂದರೇನು ಎಂದು ನನಗೆ ಗೊತ್ತಿರಲಿಲ್ಲ. ನಾನು ಓದಿದ ಪ್ರೈಮರಿ ಶಾಲೆಯಲ್ಲಿ ಇಂಗ್ಲಿಷ್ ಎಂದರೆ ಬೋರ್ಡಿನಿಂದ ಪುಸ್ತಕಕ್ಕೆ ಇಳಿಸಿಕೊಳ್ಳುವ ಕೆಲಸ. ಇಲ್ಲಿ ಬೋರ್ಡಿನ ಬದಲು ಗೈಡು. ಪಾಠ ಮುಗಿಯುವ ಮೊದಲೇ ಎಲ್ಲರ ಬಳಿ ಉತ್ತರ ಇರುತ್ತಿತ್ತು. ಸಮುದ್ರದ ಮೇಲೊಂದು ಪದ್ಯವಿತ್ತು. ಸಮುದ್ರ ನೋಡಿದವರು ನಮ್ಮಲ್ಲಿ ಒಬ್ಬಿಬ್ಬರು, ಆದರೆ ಅದರ ಸಾರಾಂಶವನ್ನು ಇಡೀ ಕ್ಲಾಸು ಒಂದಕ್ಷರ ಆಚೀಚೆಯಾಗದಂತೆ ಬರೆದುಕೊಟ್ಟಿತ್ತು: ಪ್ರಕೃತಿ ಸುಂದರವಾಗಿದೆ ಎಂದು ಕವಿ ಹೇಳುತ್ತಾರೆ. ಮೇಡಂ ಆ ಉತ್ತರಗಳನ್ನು ತಿದ್ದದೆ ಹಾಗೇ ವಾಪಸ್ ಹಂಚಿದರು. ಒಬ್ಬರದು ಓದಿದರೆ ಸಾಕು, ಉಳಿದವರು ಯಾಕೆ ಕೈ ನೋಯಿಸಿಕೊಂಡಿರಿ ಎಂದು ಕೇಳಿದರು. ನಾವು ಅದನ್ನು ಹೊಗಳಿಕೆ ಎಂದುಕೊಂಡೆವು.

ಮೇಡಂ ಶಿವಮೊಗ್ಗದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಜೋರಾಗಿ ಬೈದವರಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಕಾಯುತ್ತಿದ್ದರು. ಪ್ರಶ್ನೆ ಕೇಳಿ, ಮೇಜಿಗೆ ಒರಗಿ ನಿಂತು, ನಮ್ಮ ಬಾಯಿಂದ ಏನಾದರೂ ಬರುವವರೆಗೆ ಸುಮ್ಮನಿರುತ್ತಿದ್ದರು. ಕನ್ನಡ ಶಾಲೆಗಳಿಂದ ಬಂದು ಗಡುವಿನ ಮೇಲೆ ಕೂತಿದ್ದ ನಾವು ನಾಲ್ಕೈದು ಮಂದಿ ಆ ಮೌನದಲ್ಲಿ ಬೆವರುತ್ತಿದ್ದೆವು.

ಚಿಕ್ಕಮ್ಮನ ಮಗಳು ಅದೇ ಕ್ಲಾಸಿನಲ್ಲಿದ್ದಳು. ನನಗಿಂತ ಕೆಲವು ವಾರಗಳಷ್ಟೇ ದೊಡ್ಡವಳು, ಆದರೆ ಅಕ್ಕ ಎಂದು ಕರೆಸಿಕೊಳ್ಳದೆ ಬಿಡುತ್ತಿರಲಿಲ್ಲ. ಅವಳು ಒಂದನೇ ಕ್ಲಾಸಿನಿಂದಲೂ ಇಂಗ್ಲಿಷ್ ಮೀಡಿಯಂ. ನನ್ನ ಇಂಗ್ಲಿಷಿನ ಬಗ್ಗೆ ಅವಳಿಗೆ ಕನಿಕರವಿತ್ತು, ನಗು ಬರುತ್ತಿದ್ದುದು ನನ್ನ ಕನ್ನಡಕ್ಕೆ. ನಾನು ‘ಎಂತದು’ ಎಂದಾಗಲೆಲ್ಲ, “ಎಂತದೂ ಅಲ್ಲವ್ವ, ಏನಂತ ಕೇಳು. ನಮ್ ಕಡೆ ನಾವು ಹಂಗ ಮಾತಾಡಂಗಿಲ್ಲ” ಎನ್ನುತ್ತಿದ್ದಳು. ಚಿಕ್ಕಮ್ಮ ಒಳಗಿನಿಂದ, ತಾನೂ ಆ ಕಡೆಯವಳೇ, ಬೇಕಾದರೆ ತನ್ನನ್ನೂ ಬಸ್ ಹತ್ತಿಸಿಬಿಡು ಎಂದು ಕೂಗುತ್ತಿದ್ದಳು.

ಚಿಕ್ಕಪ್ಪ ಅಂಜನಾಪುರದ ಕಾಲುವೆಯಲ್ಲಿ ನೀರಗಂಟಿ. ಜಲಾಶಯದಿಂದ ನೀರು ಬಿಟ್ಟ ಮೇಲೆ ಯಾವ ತೂಬು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನೋಡಿಕೊಳ್ಳುವ ಕೆಲಸ. ತೂಬಿನ ಗೇಟು ತಿರುಗಿಸುವ ಕಬ್ಬಿಣದ ಹಿಡಿಯೊಂದು ಅವನ ಬೈಕಿಗೆ ಸದಾ ಕಟ್ಟಿರುತ್ತಿತ್ತು. ನಮ್ಮ ಕ್ಲಾಸಿನ ಅರ್ಧದಷ್ಟು ಮಕ್ಕಳ ಗದ್ದೆಗಳು ಆ ಕಾಲುವೆಯ ಕೆಳಗಿದ್ದವು. ಆದ್ದರಿಂದ ಅವನ ಹೆಸರು ಗೊತ್ತಿಲ್ಲದ ಮನೆಯಿರಲಿಲ್ಲ. ಮೊದಲ ಗದ್ದೆಯವರು ಅವನನ್ನು ಕರೆದು ಕಾಫಿ ಕೊಡುವಾಗ ಅದನ್ನು ಹೇಳುತ್ತಿದ್ದರು, ನೀರು ತಲುಪದ ಕೊನೆಯ ಗದ್ದೆಯವರು ಬೈಯುವಾಗ.

ಆ ಹೆಸರು ಕೇಳಿಸದಿದ್ದುದು ಅವನ ಮನೆಯಲ್ಲಿ ಮಾತ್ರ. ಚಿಕ್ಕಮ್ಮ ‘ಇವರು’ ಎನ್ನುತ್ತಿದ್ದಳು, ‘ನಿಮ್ಮಪ್ಪ’, ‘ನಿನ್ ಚಿಕ್ಕಪ್ಪ’ ಎನ್ನುತ್ತಿದ್ದಳು, ಫೋನಿನಲ್ಲಿ ಯಾರಾದರೂ ಕೇಳಿದರೆ ಮಗಳ ಕೈಗೆ ಕೊಡುತ್ತಿದ್ದಳು. ಅಂಥವಳ ಬಾಯಿಂದ ಆ ಹೆಸರು ಬಂದಿದ್ದನ್ನು ನಾನು ಶ್ರಾವಣದಲ್ಲಿ ಪಕ್ಕದ ಮನೆಯ ಬಸುರಿಯ ಕುಬುಸದ ದಿನ ಕೇಳಿದೆ.

ಉಡಿ ತುಂಬುವುದು, ಆರತಿ, ಊಟ ಎಲ್ಲ ಮುಗಿದ ಮೇಲೆ ಹೆಂಗಸರು ನಡುಮನೆಯ ಬಾಗಿಲಿಗೆ ಅಡ್ಡ ಕೂತರು. ಒಬ್ಬೊಬ್ಬರೂ ಒಡಪು ಹೇಳಿ, ಅದರ ಕೊನೆಗೆ ಗಂಡನ ಹೆಸರು ಸೇರಿಸಿಯೇ ಹೊರಗೆ ಹೋಗಬೇಕು. ನಮ್ಮೂರಲ್ಲಿ ಮದುವೆಮನೆಯಲ್ಲಿ ಹೆಣ್ಣುಮಕ್ಕಳು ನಾಚಿಕೊಂಡು ಒಂದು ಸಾಲಿನಲ್ಲಿ ಮುಗಿಸುತ್ತಿದ್ದರು. ಇಲ್ಲಿ ಅದೊಂದು ಪಂದ್ಯವೇ ಆಗಿತ್ತು. ಬರಿಯ ಹೆಸರು ಹೇಳಿದರೆ ಬಿಡುತ್ತಿರಲಿಲ್ಲ, ಹಳೆಯ ಒಡಪು ಹೇಳಿದರೆ, ಇದು ನಿಮ್ಮತ್ತೆ ಹೇಳಿದ್ದು, ನಿನ್ನದು ಹೇಳು ಎಂದು ಕೂರಿಸುತ್ತಿದ್ದರು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

“ಕಾಲುವೆಗೆ ನೀರು ಬಿಟ್ರೆ ಗದ್ದಿಗೆಲ್ಲ ಉಸಿರು, ಮನಿಗೆ ಬಂದ ಕಾಲು ನೋಡ್ರಿ ಮೊಣಕಾಲ್ಮಟ ಕೆಸರು, ದಾರಿ ಬಿಡ್ರಿ ಹೇಳ್ತೀನಿ ಮನಿಯೋರ ಹೆಸರು...”

ಇಷ್ಟು ಹೇಳಿ ನಿಲ್ಲಿಸಿದಳು. ಹೆಂಗಸರು ಮುಂದೆ ಬಾಗಿದರು. ಎಲ್ಲರಿಗೂ ಗೊತ್ತಿದ್ದ ಹೆಸರೇ, ಆದರೂ ಅದು ಬರುವವರೆಗೆ ಯಾರೂ ಉಸಿರಾಡುತ್ತಿರಲಿಲ್ಲ. ಅವಳು ಆ ಹೆಸರನ್ನು ಎಷ್ಟು ಮೆಲ್ಲಗೆ ಹೇಳಿದಳೆಂದರೆ, ಕೇಳಿಸಲಿಲ್ಲ ಎಂದು ಅರ್ಧ ಜನ, ಕೇಳಿಸಿತು ಎಂದು ಅರ್ಧ ಜನ ಜಗಳಕ್ಕೆ ಬಿದ್ದರು. ಆ ಗದ್ದಲದಲ್ಲಿ ಚಿಕ್ಕಮ್ಮ ದಾಟಿಕೊಂಡು ಹೋದಳು.

ದಸರಾಕ್ಕೆ ಒಂದು ವಾರವಿರುವಾಗ ಮೇಡಂ ಕೆಲಸ ಕೊಟ್ಟರು. ಮನೆಯ ಒಬ್ಬರ ಬಗ್ಗೆ ನಾಲ್ಕು ಸಾಲಿನ ಪದ್ಯ, ಪ್ರಾಸ ಇರಬೇಕು, ಯಾವ ಗೈಡಿನಲ್ಲೂ ಇರಬಾರದು. ಎಲ್ಲರೂ ಬರೆಯಬೇಕು, ಗಡುವಿನವರು ಎದ್ದು ನಿಂತು ಓದಬೇಕು. ಇದನ್ನು ಕೇಳಿ ನಿರ್ಧಾರ ಮಾಡುತ್ತೇನೆ ಎಂದರು.

ಅವತ್ತು ಸಂಜೆ ನಾನು ಬರೆದಿದ್ದು ಅಮ್ಮನ ಬಗ್ಗೆ. ಅಮ್ಮ ದೇವರು, ಅಮ್ಮ ದೀಪ, ಅಮ್ಮ ಪ್ರಕೃತಿಯಂತೆ ಸುಂದರ. ಚಿಕ್ಕಮ್ಮನ ಮಗಳು ಓದಿ, ಚೆನ್ನಾಗಿದೆ, ಆದರೆ ಇದು ಯಾರ ಅಮ್ಮ ಎಂದು ಕೇಳಿದಳು. ಹಂಗಿಸುವುದಕ್ಕೇ ಕೇಳಿದ್ದಳು. ಆದರೆ ನಾನು ಕಾಗದವನ್ನು ಮತ್ತೊಮ್ಮೆ ಓದಿದೆ. ಸೊರಬದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಅಮ್ಮ ಆ ಹೊತ್ತಿಗೆ ಏನು ಮಾಡುತ್ತಿದ್ದಾಳೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದರಲ್ಲಿ ಒಂದೂ ಆ ಕಾಗದದ ಮೇಲೆ ಇರಲಿಲ್ಲ.

ಒಡಪಿನ ಯೋಚನೆ ಬಂದಿದ್ದು ಹೇಗೆ? ಅದು ಒಂದು ಕ್ಷಣದಲ್ಲಿ ಹೊಳೆಯಿತು ಎಂದು ಬರೆಯಲು ಆಸೆಯಾಗುತ್ತದೆ. ಹಾಗಾಗಿರಲಾರದು. ನನಗೆ ನೆನಪಿರುವುದು ಚಿಕ್ಕಮ್ಮ ಬಚ್ಚಲ ಬಾಗಿಲಲ್ಲಿ ನಿಂತು, ನೀರು ಕಾದಿದೆ ಎಂದು ಚಿಕ್ಕಪ್ಪನನ್ನು ಮತ್ತೆ ಮತ್ತೆ ಕರೆಯುತ್ತಿದ್ದುದು, ಅವನು ಜಗಲಿಯಲ್ಲಿ ಫೋನಿನಲ್ಲಿ ಯಾರಿಗೋ ನಿಮ್ಮ ತೂಬು ನಾಳೆ ಎಂದು ಸಮಾಧಾನ ಹೇಳುತ್ತಿದ್ದುದು. ಊರಿಗೆಲ್ಲ ನೀರು ಬಿಡುವವನು ಸ್ನಾನಕ್ಕೆ ಬರುತ್ತಿಲ್ಲ ಎಂದು ನಗು ಬಂತು. ಆ ನಗುವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ಯೋಚಿಸಿದೆ. ನನ್ನ ಹತ್ತಿರವಿದ್ದ ಪದಗಳು ಕಡಿಮೆ: ನೀರು, ನಡೆ, ಕೈ, ಕಬ್ಬಿಣ, ಕರೆ. ಆಶ್ಚರ್ಯವೆಂದರೆ ಅಷ್ಟೇ ಸಾಕಾಯಿತು. ದೇವರು, ದೀಪಗಳಿಗೆ ಗೈಡು ಬೇಕಾಗಿತ್ತು. ಚಿಕ್ಕಪ್ಪನಿಗೆ ಬೇಕಾಗಲಿಲ್ಲ.

ಒಡಪು ಕಟ್ಟುವವರು ಹಿಂದಿನಿಂದ ಮುಂದಕ್ಕೆ ಬರುತ್ತಾರೆ. ಕೊನೆಗೆ ಬರುವ ಹೆಸರು ಗಟ್ಟಿ, ಅದಕ್ಕೆ ತಾಳೆಯಾಗುವ ಪದಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ನಾನೂ ಹಾಗೇ ಮಾಡಿದೆ. ಚಿಕ್ಕಪ್ಪನ ಹೆಸರಿನ ಬಾಲಕ್ಕೆ ಹೊಂದುವ ಇಂಗ್ಲಿಷ್ ಪದವೊಂದು ಸಿಕ್ಕಿತು. ಅದನ್ನು ಇಲ್ಲಿ ಹೇಳಿದರೆ ಹೆಸರೇ ಹೊರಬೀಳುತ್ತದೆ, ಆದ್ದರಿಂದ ಬಿಡುತ್ತೇನೆ. ಪದ್ಯದ ಅರ್ಥ ಹೀಗಿತ್ತು. ಅವನ ಕೈಯಲ್ಲಿ ಕಬ್ಬಿಣದ ಹಿಡಿ, ಅದು ತಿರುಗಿದರೆ ನೀರು ನಡೆಯುತ್ತದೆ. ನೀರಿನ ಜೊತೆ ಅವನೂ ನಡೆಯುತ್ತಾನೆ, ಜೊತೆಗೆ ಬೈಗುಳವೂ ನಡೆಯುತ್ತದೆ. ಊರಿಗೆಲ್ಲ ನೀರು ಬಿಟ್ಟವನನ್ನು ಸ್ನಾನಕ್ಕೆ ಮಾತ್ರ ಕೂಗಿ ಕೂಗಿ ಕರೆಯಬೇಕು. ಯಾರವನು, ಗೊತ್ತಾಯಿತೆ, ಅವನೇ... ಅಲ್ಲಿ ಹೆಸರು.

ಓದುವ ದಿನ ನನ್ನ ಸರದಿ ಮೊದಲು ಬಂತು. ಎದ್ದು ನಿಂತೆ. ಮೊದಲ ಸಾಲಿಗೆ ಯಾರೂ ತಲೆಯೆತ್ತಲಿಲ್ಲ. ಬೈಗುಳ ಬಂದಾಗ ಹಿಂದಿನ ಬೆಂಚಿನಲ್ಲಿ ಏನೋ ಅಲುಗಾಡಿತು. ಸ್ನಾನ ಬಂದಾಗ ನಕ್ಕರು. ಅದು ನನ್ನ ಇಂಗ್ಲಿಷಿಗೆ ನಕ್ಕಿದ್ದಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾಲ್ಕನೆಯ ಸಾಲು ಶುರುಮಾಡಿದೆ. ಹೆಸರಿನ ಹತ್ತಿರ ಬಂದೆ.

ಅಲ್ಲಿ ಬಾಯಿ ನಿಂತಿತು.

ಕಾಗದದ ಮೇಲೆ ಹೆಸರು ಇತ್ತು. ಬರೆಯುವಾಗ ಏನೂ ಅನಿಸಿರಲಿಲ್ಲ. ಆದರೆ ದೊಡ್ಡವರ ಹೆಸರನ್ನು, ಅದೂ ಮೂರು ತಿಂಗಳಿಂದ ಯಾವ ಮನೆಯ ಅನ್ನ ಉಣ್ಣುತ್ತಿದ್ದೆನೋ ಆ ಮನೆಯಲ್ಲಿ ಯಾರೂ ಹೇಳದ ಹೆಸರನ್ನು, ಅವನ ಮಗಳ ಎದುರಿಗೆ ನಿಂತು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗಲಿಲ್ಲ. ಮೇಡಂ ಎಂದಿನಂತೆ ಕಾಯುತ್ತಿದ್ದರು. ಬಯಲಿನ ಆಚೆಯ ಕೋಣೆಯಿಂದ ಮಗ್ಗಿಯಂಥದ್ದೇನೋ ಕೇಳುತ್ತಿತ್ತು. ಮುಗಿಯಿತು, ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಯೋಚಿಸುತ್ತಿದ್ದೆ.

ಆಗ ಕ್ಲಾಸು ಆ ಹೆಸರನ್ನು ಕೂಗಿತು. ಒಬ್ಬರಲ್ಲ, ಎಲ್ಲರೂ. ಮೊದಲ ಗದ್ದೆಯವರು, ಕೊನೆಯ ಗದ್ದೆಯವರು, ಗದ್ದೆಯೇ ಇಲ್ಲದ ಪೇಟೆಯ ಮಕ್ಕಳು. ಪ್ರಾಸಕ್ಕೆ ಸರಿಯಾಗಿ, ಒಂದೇ ಉಸಿರಿನಲ್ಲಿ. ಪಕ್ಕದ ಕ್ಲಾಸಿನ ಸರ್ ಬಾಗಿಲಿಗೆ ಬಂದು ಇಣುಕಿದರು.

ಮೊದಲು ಕೂಗಿದವರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕೊನೆಯ ಗದ್ದೆಯವರ ಮನೆಯ ಹುಡುಗನೆಂದು ನನ್ನ ನೆನಪು. ಚಿಕ್ಕಮ್ಮನ ಮಗಳು ಒಪ್ಪುವುದಿಲ್ಲ. “ನಮ್ಮಪ್ಪನ ಹೆಸರು ನಾನು ಕೂಗದೆ ಇನ್ಯಾರು ಕೂಗ್ತಾರೆ? ನಿಂಗೆ ಹೆಸರು ಮರ್ತುಹೋಗಿತ್ತು, ಪಾಪ ಅಂತ ಕೂಗಿದೆ” ಎನ್ನುತ್ತಾಳೆ. ಇನ್ನೊಂದು ಅನುಮಾನ ನನ್ನದೇ. ನಾನು ನಿಜಕ್ಕೂ ಹೆದರಿ ನಿಂತೆನೋ ಅಥವಾ ಕುಬುಸದ ದಿನ ಚಿಕ್ಕಮ್ಮ ನಿಂತಿದ್ದನ್ನು ನೋಡಿ ನನ್ನ ಬಾಯಿ ಅದನ್ನು ಕಲಿತಿತ್ತೋ? ಮುಂದೆ ಎಂ.ಎ. ಓದುವಾಗ, ಗೆಳತಿಯರಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಬೇಕೆಂದೇ ನಿಲ್ಲಿಸಿದೆ ಎಂದು ಹೇಳಿದ್ದುಂಟು. ಹೇಳಿ ಹೇಳಿ ಅದೇ ನಿಜದಂತೆ ಕೇಳಿಸುತ್ತದೆ. ಹಾಗಾಗಿ ಅದನ್ನು ನಂಬುವುದಿಲ್ಲ. ಕೈಯಲ್ಲಿದ್ದ ಕಾಗದ ಒದ್ದೆಯಾಗಿದ್ದುದು ಮಾತ್ರ ಗೊತ್ತು.

ಮೇಡಂ ಗದ್ದಲ ಇಳಿಯುವವರೆಗೆ ಬಿಟ್ಟು, ಹೆಸರನ್ನು ಯಾಕೆ ಓದಲಿಲ್ಲ ಎಂದು ಕೇಳಿದರು. ದೊಡ್ಡವರ ಹೆಸರು ಎಂದೆ. ಅದಕ್ಕೆ ಅವರು ನಗಲಿಲ್ಲ. ನೀರು ನಡೆಯುತ್ತದೆ ಎಂದು ಬರೆದಿದ್ದೀಯಲ್ಲ, ಹರಿಯುತ್ತದೆ ಎಂದಲ್ಲವೆ ಎಂದು ಕೇಳಿದರು. ಚಿಕ್ಕಪ್ಪ ಅದರ ಜೊತೆ ನಡೆದುಕೊಂಡು ಹೋಗುತ್ತಾನೆ, ಅದು ಹರಿದರೆ ಅವನು ಓಡಬೇಕಾಗುತ್ತದೆ ಎಂದೆ. ಇಂಗ್ಲಿಷಿನಲ್ಲಿ ಹೇಳಿದೆನೋ ಕನ್ನಡದಲ್ಲೋ ತಿಳಿಯದು. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

“ಸಮುದ್ರದ ಪದ್ಯ ತೆಗೀರಿ. ಪ್ರತಿ ಸಾಲಿನ ಕೊನೇ ಪದಾನ ಬೆರಳಿಂದ ಮುಚ್ಚಿ. ನಾನು ಓದ್ತೀನಿ. ನಾನು ನಿಲ್ಲಿಸಿದ ಕಡೆ, ಈಗ ಕೂಗಿದ್ರಲ್ಲ, ಹಾಗೇ ಕೂಗಿ.”

ಓದಿದರು. ನಿಲ್ಲಿಸಿದರು. ಮೊದಲ ಸಾಲಿನಲ್ಲಿ ಯಾರಿಗೂ ಏನೂ ತೋಚಲಿಲ್ಲ. ಮೂರನೆಯದರಲ್ಲಿ ಒಬ್ಬಳು ಸರಿಯಾಗಿ ಹೇಳಿದಳು. ಆಮೇಲೆ ಇಡೀ ಕ್ಲಾಸಿಗೆ ಗೊತ್ತಾಗತೊಡಗಿತು. ಹಿಂದಿನ ಸಾಲು ಮುಂದಿನ ಸಾಲಿನ ಪದವನ್ನು ಕೈಹಿಡಿದು ಕರೆಯುತ್ತಿತ್ತು. ತಪ್ಪು ಕೂಗಿದವರೂ ಹೊಂದುವ ಪದವನ್ನೇ ಕೂಗುತ್ತಿದ್ದರು, ಕೆಲವು ಪುಸ್ತಕದ್ದಕ್ಕಿಂತ ತಮಾಷೆಯಾಗಿದ್ದವು. ಆ ಪದ್ಯದ ಸಾರಾಂಶವನ್ನು ನಾವು ಅದಾಗಲೇ ಬಾಯಿಪಾಠ ಮಾಡಿ, ಬರೆದು ಮುಗಿಸಿದ್ದವರು. ಆದರೆ ಸಾಲಿನ ಕೊನೆಯಲ್ಲಿ ಕಾಯುವುದು ಏನೆಂದು ಅವತ್ತು ಗೊತ್ತಾಯಿತು. ಪದ್ಯ ಓದುವುದು ನನಗೆ ಬಂದಿದ್ದು ಆ ಪೀರಿಯಡ್ಡಿನಲ್ಲಿ ಎಂದು ನಾನು ಯಾರ ಎದುರಿಗೂ ಹೇಳಬಲ್ಲೆ.

ನಿರ್ಧಾರವನ್ನು ಮಾತ್ರ ಅವರು ಹೇಳಲಿಲ್ಲ. ಉಳಿದವರು ನಾಳೆ ಶನಿವಾರ ಓದಲಿ, ಆಮೇಲೆ ಹೇಳುತ್ತೇನೆ ಎಂದರು. ಗಡುವಿನಲ್ಲಿದ್ದ ಉಳಿದವರು ತಾವು ತಂದಿದ್ದ ಪದ್ಯಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಅವೆಲ್ಲ ಅಮ್ಮಂದಿರ ಮೇಲಿದ್ದವು.

ಸುದ್ದಿ ನನಗಿಂತ ಮೊದಲೇ ಕಾಲುವೆಗೆ ತಲುಪಿತ್ತು. ಸಂಜೆ ಚಿಕ್ಕಪ್ಪ ಬೈಕು ನಿಲ್ಲಿಸಿದವನೇ ನನ್ನನ್ನು ಕರೆದ. ಕೊನೆಯ ಗದ್ದೆಯವರೊಬ್ಬರು ತೂಬಿನ ಹತ್ತಿರ ಅವನನ್ನು ತಡೆದು, ನಿನ್ನ ಮೇಲೆ ಇಂಗ್ಲಿಷಿನಲ್ಲಿ ಪದ ಕಟ್ಟಿದ್ದಾರಂತೆ, ನಮಗೆ ನೀರು ಬರದಿರುವುದೂ ಅದರಲ್ಲಿದೆಯೇ ಎಂದು ಕೇಳಿದ್ದರಂತೆ. ಅವನಿಗೆ ಅದೇ ಚಿಂತೆ. ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಹಿಡಿಯ ಸಾಲಿಗೆ ತಲೆಯಾಡಿಸಿದ. ಬೈಗುಳದ ಸಾಲಿಗೆ, ಅದು ಖರೇ ಎಂದ. ಸ್ನಾನದ ಸಾಲಿಗೆ ನನ್ನ ಕಡೆ ತಿರುಗಿದ.

“ಇಷ್ಟು ಮಂದಿ ಮುಂದ ಅದನ್ನೂ ಹೇಳಿದೇನು?”

“ಹೇಳಿದೆ, ಚಿಕ್ಕಪ್ಪ.”

“ನಕ್ಕರಾ?”

“ನಕ್ಕರು.”

“ಹಂಗಾರ ಇರ್ಲಿ ಬಿಡು” ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಚಿಕ್ಕಮ್ಮ ಒಲೆಯ ಮುಂದಿನಿಂದ ನನ್ನ ಕಡೆ ನೋಡಿ, ಇಷ್ಟು ವರ್ಷ ತಾನು ಕನ್ನಡದಲ್ಲಿ ಕೂಗಿದ್ದೇ ತಪ್ಪಾಯಿತು ಎಂದಳು.

ಶನಿವಾರ ಉಳಿದವರು ಓದಿದರು. ಎಲ್ಲರೂ ರಾತ್ರೋರಾತ್ರಿ ಹೊಸದು ಬರೆದಿದ್ದರು. ಒಬ್ಬನದು ಅವರ ಕುರಿಮಂದೆಯ ಮುಂದೆ ಹೋಗುವ ಅಣ್ಣನ ಮೇಲೆ, ಒಬ್ಬಳದು ಟೈಲರ್ ಅತ್ತೆಯ ಮೇಲೆ, ಕುಬಟೂರಿನಿಂದ ಬಂದಿದ್ದ ಇನ್ನೊಬ್ಬಳದು ದೇವಸ್ಥಾನದ ಕಲ್ಲಿನ ಮೇಲೆ ಕೂತು ಎಲ್ಲರ ಸುದ್ದಿ ಮಾತಾಡುವ ತನ್ನ ಅಜ್ಜನ ಮೇಲೆ. ಇಂಗ್ಲಿಷು ತಪ್ಪುತಪ್ಪಾಗಿತ್ತು. ನನ್ನದೂ ಹಾಗೇ ಇತ್ತು. ಆದರೆ ಒಬ್ಬೊಬ್ಬರೂ ಹೆಸರಿನ ಹತ್ತಿರ ನಿಂತರು, ಆ ಮನುಷ್ಯರನ್ನು ಕಂಡೇ ಇರದ ನಮಗೂ ಆ ನಿಂತ ಜಾಗದಲ್ಲಿ ಅವರ ಹೆಸರು ಕೇಳಬೇಕೆನಿಸಿತು. ನಾವು ಬಾಯಿಗೆ ಬಂದ ಹೆಸರುಗಳನ್ನೆಲ್ಲ ಕೂಗಿದೆವು. ಟೈಲರ್ ಅತ್ತೆಯ ಹೆಸರು ಮಾತ್ರ ಮೊದಲ ಸಲಕ್ಕೇ ಸರಿಯಾಯಿತು. ಪ್ರಾಸ ಅಷ್ಟು ಗಟ್ಟಿಯಾಗಿತ್ತು.

ಮೇಡಂ ಕೊನೆಗೆ ನಮ್ಮೆಲ್ಲರನ್ನೂ ಎಬ್ಬಿಸಿ ನಿಲ್ಲಿಸಿದರು. ಅವರು ಏನು ಹೇಳಿದರೆಂದು ನಾವೆಲ್ಲ ಒಂದೇ ರೀತಿ ನೆನಪಿಟ್ಟುಕೊಂಡಿದ್ದೇವೆ. ಇಷ್ಟು ಜನರ ನೆನಪು ಒಂದೇ ಆಗಿರುವ ಇನ್ನೊಂದು ಮಾತು ನನಗೆ ಗೊತ್ತಿಲ್ಲ.

“ರಜೆ ಮುಗಿಸಿಕೊಂಡು ಎಲ್ಲರೂ ಇಲ್ಲಿಗೇ ಬನ್ನಿ. ಗೈಡು ಮನೇಲಿಟ್ಟು ಬನ್ನಿ.”

ನಾನು ಚಿಕ್ಕಪ್ಪನ ಫೋನಿನಿಂದ ಅಪ್ಪನಿಗೆ ಕರೆ ಮಾಡಿದೆ. ಅವನು ಗದ್ದೆಯಲ್ಲಿದ್ದ, ಗಾಳಿಯ ಸದ್ದು ಕೇಳುತ್ತಿತ್ತು. ದಸರಾ ಆದ ಮೇಲೆ ಯಾವ ಕೋಣೆ ಎಂದು ಕೇಳಿದ. ಇದೇ ಕೋಣೆ ಎಂದೆ. ಅಪ್ಪನ ಪ್ರಕಾರ ನಾನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅವನು ಎರಡು ಸಲ ಕೇಳಬೇಕಾಯಿತು. ಇಷ್ಟೆಲ್ಲ ವಿಷಯದಲ್ಲಿ ಉಳಿದವರ ನೆನಪಿಗೆ ಜಾಗ ಬಿಟ್ಟುಕೊಟ್ಟಿದ್ದೇನೆ, ಇದೊಂದರಲ್ಲಿ ಬಿಡುವುದಿಲ್ಲ. ನಾನು ಕೂಗಿಯೇ ಹೇಳಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.